ಹತ್ತೊಂಬತ್ತು ಸಾವಿರದ ಸಿಂಹಳ

ಅಂಗನವಾಡಿಯಿಂದ ನಿವೃತ್ತಿಯಾದಾಗ ಶೇವಂತಾಳ ಕೈಗೆ ಒಂದು ಇಡಿಗಂಟು ಬಂತು. ಇಪ್ಪತ್ತೆಂಟು ವರ್ಷ ಶೇಡಬಾಳದ ಮಕ್ಕಳಿಗೆ ಬೇಯಿಸಿ ಬಡಿಸಿದ ಸಹಾಯಕಿ ಅವಳು. ಓಣಿಯ ಹೆಂಗಸರು ಬಂಗಾರ ಮಾಡಿಸಿಕೋ ಅಂದರು. ತಂಗಿ ಬ್ಯಾಂಕಿನಲ್ಲಿಡು ಅಂದಳು. ಶೇವಂತಾ ಎಲ್ಲರಿಗೂ ಹೂಂ ಅಂದು, ಒಂದು ಸಂಜೆ ಮಗ ಸಂಗ್ರಾಮ ಕಾಗವಾಡದ ಕಚೇರಿಯಿಂದ ಬಂದು ಊಟಕ್ಕೆ ಕೂತಾಗ, ಅವನ ತಾಟಿಗೆ ಭಕ್ರಿ ಹಾಕುತ್ತ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು.

"ನನಗ ಸಿಂಹಳ ನೋಡಬೇಕಾಗೈತಿ. ಅನುರಾಧಪುರದ ಬೋಧಿ ಗಿಡದ ಮುಂದ ನಿಂತು ಒಂದ್ಸಲ ಬುದ್ಧಂ ಶರಣಂ ಹೇಳಬೇಕು. ಲಕ್ಷ ರೂಪಾಯಿ ಕೊಡ್ತೀನಿ. ನಾಲ್ಕೂ ಮಂದಿ ಹೋಗೂಣು."

ಸಂಗ್ರಾಮನ ಕಣ್ಣು ಅರಳಿದವು. "ಲಕ್ಷ ಯಾಕವ್ವಾ? ಅರ್ಧದಾಗ ಮುಗಸ್ತೀನಿ ನೋಡು."

"ಅರ್ಧದಾಗ ಮುಗಸು ಅಂತ ನಾ ಎಲ್ಲಿ ಅಂದ್ನಿ?"

ಆದರೆ ಅವನ ತಲೆ ಆಗಲೇ ಓಡತೊಡಗಿತ್ತು. ಸಂಗ್ರಾಮನಿಗೆ ಸರಕಾರಿ ಸಂಬಳ, ಸ್ವಂತ ಮನೆ, ಸಾಲವಿಲ್ಲ, ಇನ್ನೂ ಮಕ್ಕಳಿಲ್ಲ. ಆದರೂ ಕೈಯಿಂದ ಹತ್ತು ರೂಪಾಯಿ ಬಿಡುವುದೆಂದರೆ ಮೈಮೇಲಿನ ಕೂದಲು ಕಿತ್ತಂತಾಗುತ್ತಿತ್ತು ಅವನಿಗೆ. ಎರಡು ವರ್ಷದಿಂದ ಮೊಬೈಲಿನಲ್ಲಿ ಪರದೇಶವನ್ನು ಅಗ್ಗದಲ್ಲಿ ಸುತ್ತುವವರ ವಿಡಿಯೊಗಳನ್ನೇ ನೋಡುತ್ತಿದ್ದ. ವಿಮಾನ ನಿಲ್ದಾಣದ ನೆಲದ ಮೇಲೆ ಮಲಗಿದವನು, ಬರಿ ಬ್ರೆಡ್ಡು ತಿಂದು ಎಂಟು ದಿನ ಕಳೆದವನು, ಇಂಥವರೆಲ್ಲ ಅವನಿಗೆ ಶೂರರು.

"ಮೊದಲನೇ ಮಾತು," ಎಂದ ಅವನು, ಪಲ್ಯದಲ್ಲಿ ಭಕ್ರಿ ಅದ್ದುತ್ತ. "ಅಪ್ಪಾ ಬರೂದು ಬ್ಯಾಡ. ಅವನ ಮೊಣಕಾಲ ನೋವು. ಅಲ್ಲಿ ಬರೇ ಮೆಟ್ಟಲಾ. ಮನ್ಯಾಗ ಎಮ್ಮಿ ನೋಡಾಕರೆ ಯಾರರೆ ಬೇಕಲ್ಲ."

"ನಮ್ಮಿಬ್ಬರದೂ ಪಾಸ್‌ಪೋರ್ಟ್ ಅಂತ ಬೆಳಗಾವಿಗೆ ಎರಡು ಸಲ ಹೋಗಿ ಬಂದೇವಿ," ಅಂದಳು ಶೇವಂತಾ.

ರಾಜಾರಾಮ ಗೋಡೆಗೆ ಒರಗಿ ಕೂತು ಉಣ್ಣುತ್ತಿದ್ದ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಮೂವತ್ನಾಲ್ಕು ವರ್ಷ ಹಳಿಯ ಮೇಲೆ ನಡೆದ ಮನುಷ್ಯ. ಈಗಲೂ ದಿನಾ ಉಗಾರದವರೆಗೆ ನಡೆದು ಹೋಗಿ ಬರುತ್ತಿದ್ದ. ಅವನು ಮಗನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ಹೋಗಿ ಬಾ ನೀ. ನೀ ನೋಡಿದ್ರ ನಾ ನೋಡಿದಂಗ."

ಆ ಮಾತು ಅಲ್ಲಿಗೆ ಮುಗಿಯಿತು. ಸೊಸೆ ಸಪನಾ ಮಾತ್ರ ತಾಟು ತೆಗೆಯುವಾಗ ಮೆಲ್ಲಗೆ ಅಂದಳು, "ಮಾವಾರದು ಕಾಲು ನೋವಲ್ಲ, ಟಿಕೆಟ್ ನೋವು." ಸಂಗ್ರಾಮ ಕೇಳಿಸಿಕೊಳ್ಳದವನಂತೆ ಕೈ ತೊಳೆಯಲು ಎದ್ದ.

ವೈಶಾಖ ಹುಣ್ಣಿಮೆಗೆ ಸರಿಯಾಗಿ ಅನುರಾಧಪುರದಲ್ಲಿರುವಂತೆ ಅವನು ಟಿಕೆಟ್ ತೆಗೆಸಿದ. ಶೇವಂತಾಗೆ ಹಿಗ್ಗೋ ಹಿಗ್ಗು. ಭಗವಂತ ಬುದ್ಧನ ಹುಣ್ಣಿಮೆಯ ದಿನವೇ ಬೋಧಿ ಗಿಡ ಕಾಣುವುದೆಂದರೆ! ಆ ದಿನವನ್ನೇ ಮಗ ಯಾಕೆ ಆರಿಸಿದನೆಂದು ಅವಳು ಕೇಳಲಿಲ್ಲ.

ಹೊರಡುವ ಮುಂಚಿನ ವಾರವಿಡೀ ಅತ್ತೆ ಸೊಸೆ ಕೂತು ಖಡಕ್ ರೊಟ್ಟಿ ಬಡಿದರು, ಶೇಂಗಾ ಚಟ್ನಿ ಕುಟ್ಟಿದರು. ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುವುದು ಶೇವಂತಾಗೆ ಹೊಸದಲ್ಲ. ಆದರೆ ಸಂಗ್ರಾಮ ತೂಕದ ಕಾಟಾ ತಂದಿಟ್ಟುಕೊಂಡು ಒಂದೊಂದು ಚೀಲವನ್ನೂ ತೂಗಿದ. ವಿಮಾನದವರು ಏಳು ಕಿಲೊದ ಮೇಲೆ ದುಡ್ಡು ಕೇಳುತ್ತಾರಂತೆ.

"ಮೂರು ಸೀರಿ ಮೈಮ್ಯಾಲ ಉಟಗೊಳ್ರಿ," ಎಂದ.

"ಒಂದರ ಮ್ಯಾಲ ಒಂದು?" ಸಪನಾ ಕೇಳಿದಳು.

"ಮೈಮ್ಯಾಲ ಇದ್ದದ್ದು ತೂಕ ಮಾಡೂದಿಲ್ಲ ಅವರು."

ಚೆನ್ನೈಯ ಸೆಕೆಯಲ್ಲಿ ಮೂರು ಸೀರೆ ಉಟ್ಟು, ಒಳಗೆ ಚಟ್ನಿಯ ಪೊಟ್ಟಣ ಸಿಕ್ಕಿಸಿಕೊಂಡು ಶೇವಂತಾ ವಿಮಾನ ಹತ್ತಿದಳು. ಬೆವರಿಗೆ ಚಟ್ನಿ ತೊಯ್ದು ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಕೂತ ಹೆಣ್ಣುಮಗಳು ಕರವಸ್ತ್ರ ತೆಗೆದು ಮೂಗಿಗೆ ಹಿಡಿದಾಗ ಶೇವಂತಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಕೆಳಗೆ ಸಮುದ್ರ ಕಾಣುತ್ತಿತ್ತು. ಜೀವನದಲ್ಲಿ ಮೊದಲ ಸಲ ಸಮುದ್ರ ನೋಡುತ್ತಿದ್ದರೂ ಅವಳ ಗಮನವೆಲ್ಲ ತನ್ನ ಮೈಯ ವಾಸನೆಯ ಮೇಲೇ ಇತ್ತು.

ಕೊಲಂಬೊದಿಂದ ಬಸ್ಸಿನಲ್ಲಿ ಆರು ತಾಸು. ಅನುರಾಧಪುರದ ಒಂದು ಗಲ್ಲಿಯಲ್ಲಿ ಸಂಗ್ರಾಮ ಮೊಬೈಲಿನಲ್ಲೇ ಹಿಡಿದಿಟ್ಟ ಕೋಣೆ ಇತ್ತು. ಮನೆಯೊಡತಿ ಶೇವಂತಾಳ ವಯಸ್ಸಿನವಳೇ, ಸೋಮಾವತಿ ಅಂತ ಹೆಸರು. ಗಂಡ ಇರಲಿಲ್ಲ. ಮುಂದಿನ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಮಗಳು ಮೊಮ್ಮಗಳೊಂದಿಗೆ ಜೀವನ ಮಾಡಿಕೊಂಡಿದ್ದಳು. ಸಂಗ್ರಾಮ ಕೋಣೆ ಹಿಡಿದದ್ದು ಇಬ್ಬರಿಗೆ. ಗಲ್ಲಿಯ ತಿರುವಿನಲ್ಲಿ ತಾಯಿಯನ್ನು ನಿಲ್ಲಿಸಿ, "ನೀ ಅರ್ಧ ತಾಸು ಬಿಟ್ಟು ಬಾ, ನೋಡಾಕ ಬಂದಾಕಿ ಹಂಗ ಬಾ," ಎಂದು ಹೇಳಿ ಹೋದ.

ಪರದೇಶದ ಗಲ್ಲಿಯಲ್ಲಿ ಕೈಚೀಲ ಹಿಡಿದು ಶೇವಂತಾ ನಿಂತಳು. ಐದು ನಿಮಿಷವಾಗಿರಲಿಲ್ಲ, ಸೋಮಾವತಿಯೇ ಹೊರಗೆ ಬಂದು ಅವಳನ್ನು ಕಂಡಳು. ಬೆವರು, ಚೀಲ, ಮೂರು ಸೀರೆ. ಏನು ತಿಳಿಯಿತೋ ಏನೋ, "ಅಮ್ಮಾ" ಎಂದು ಕರೆದು ಕೈ ಹಿಡಿದು ಒಳಗೆ ಒಯ್ದಳು. ಕುಡಿಯಲು ಎಳನೀರು ಕೊಟ್ಟಳು. ಹಿಂದಿನಿಂದ ಒಂದು ಗಾದಿ, ದಿಂಬು ತಂದು ಕೋಣೆಯ ನೆಲಕ್ಕೆ ಹಾಸಿದಳು.

ಸಂಗ್ರಾಮ ಗಾಬರಿಯಿಂದ ಇಂಗ್ಲಿಷಿನಲ್ಲಿ ಏನೋ ಕೇಳಿದ. ಸೋಮಾವತಿಯ ಮೊಮ್ಮಗಳು ಉತ್ತರ ಕೊಟ್ಟಳು. ಸಪನಾ ಅತ್ತೆಗೆ ಹೇಳಿದಳು, "ತಾಯಿಗೆ ರೊಕ್ಕ ತಗೋಳೂದಿಲ್ಲಂತ, ಅತ್ತಿ."

"ನೋಡಿದೇನವ್ವಾ, ಉಳೀತು," ಎಂದ ಸಂಗ್ರಾಮ. ಅವನಿಗೆ ನಾಚಿಕೆಯಾಗಲಿಲ್ಲ. ಶೇವಂತಾ ಗಾದಿಯ ಮೇಲೆ ಕೂತು, ಬೆಳ್ಳುಳ್ಳಿ ಹತ್ತಿದ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ನೆನೆಹಾಕಿದಳು.

ಮರುದಿನ ಹುಣ್ಣಿಮೆ. ಬಿಳಿ ಸೀರೆ ಉಟ್ಟು ಶೇವಂತಾ ಬೆಳಿಗ್ಗೆಯೇ ತಯಾರಾದಳು. ಊರಿಗೆ ಊರೇ ಬಿಳಿ ಬಟ್ಟೆಯಲ್ಲಿ ಬೋಧಿ ಗಿಡದ ಕಡೆ ಹೊರಟಿತ್ತು. ಪ್ರಾಕಾರದ ಬಾಗಿಲ ಹತ್ತಿರ ಬಂದಾಗ ಸಂಗ್ರಾಮ ಅವಳ ರಟ್ಟೆ ಹಿಡಿದ.

"ಪರದೇಶದವರಿಗೆ ಟಿಕೆಟ್ ಐತಿ. ಇಲ್ಲಿಯವರಿಗಿಲ್ಲ. ನೀ ಬಿಳಿ ಸೀರ್ಯಾಗ ಇಲ್ಲಿಯವರ ಹಂಗ ಕಾಣತಿ. ಆ ಹೆಣ್ಮಕ್ಕಳ ಸಾಲಿನಾಗ ಹೋಗು. ಆದ್ರ ಬಾಯಿ ಬಿಡಬ್ಯಾಡ. ಯಾರರೆ ಕೇಳಿದ್ರ ಮೂಕಿ ಹಂಗ ಕೈ ಮಾಡು."

"ಲೇ ಸಂಗ್ರಾಮ, ರೊಕ್ಕ ನಾ ಕೊಟ್ಟೀನಿ. ಟಿಕೆಟ್ ತಗಿ."

"ಇಲ್ಲಿ ಉಳಿಸಿದ್ರ ಕ್ಯಾಂಡಿ ನೋಡಾಕ ಆಗತೈತಿ. ಭಗವಂತನ ಹಲ್ಲು ಇಟ್ಟಾರಲ್ಲ, ಅದನ್ನ ನೋಡಬೇಕಂದಿಲ್ಲ ನೀ? ಆತು, ಟಿಕೆಟ್ ತಗೀತೀನಿ, ಕ್ಯಾಂಡಿ ಬಿಟ್ಟು ಬಿಡೂಣು."

ಪಾಸ್‌ಪೋರ್ಟ್ ಅವನ ಸೊಂಟದ ಚೀಲದಲ್ಲಿತ್ತು. ರೊಕ್ಕವೂ ಅಲ್ಲೇ. ಮಾತು ಬಾರದ ನಾಡಿನಲ್ಲಿ ಅವನ ಬೆನ್ನು ಬಿಟ್ಟರೆ ಅವಳಿಗೆ ದಾರಿ ತಿಳಿಯದು. ಶೇವಂತಾ ತಲೆ ತಗ್ಗಿಸಿ ಹೆಂಗಸರ ಸಾಲಿನಲ್ಲಿ ನಡೆದಳು. ಕಾವಲಿನವಳು ಅವಳ ಚೀಲ ಮುಟ್ಟಿ ನೋಡಿ ಏನೋ ಕೇಳಿದಳು. ಶೇವಂತಾ ಬಾಯಿ ತೋರಿಸಿ ಕೈ ಅಲ್ಲಾಡಿಸಿದಳು. ಆ ಹೆಣ್ಣುಮಗಳ ಮುಖ ಕರಗಿಹೋಯಿತು. ಹಿಂದಿದ್ದವರನ್ನು ತಡೆದು, ಮುದುಕಿಗೆ ದಾರಿ ಬಿಡಿಸಿ, ಗಿಡಕ್ಕೆ ತೀರ ಹತ್ತಿರದ ಕಟಾಂಜನದವರೆಗೆ ಅವಳನ್ನು ತಾನೇ ಕರೆದೊಯ್ದು ನಿಲ್ಲಿಸಿದಳು. ಮತ್ತೆ ಅಲ್ಲೇ, ಎರಡು ಹೆಜ್ಜೆ ಹಿಂದೆ, ಕಾಯುತ್ತ ನಿಂತಳು.

ಎದುರಿಗೆ ಬೋಧಿ ಗಿಡ. ಬಂಗಾರದ ಊರುಗೋಲಿನ ಮೇಲೆ ಚಾಚಿದ ಹಳೆಯ ಕೊಂಬೆ. ಸುತ್ತಲೂ ಹೆಂಗಸರು ಶರಣ ಹೇಳುತ್ತಿದ್ದರು. ಅವೇ ಶಬ್ದ, ಶೇಡಬಾಳದ ವಿಹಾರದಲ್ಲಿ ಪ್ರತಿ ರವಿವಾರ ಹೇಳುವವೇ. ಒಂದಕ್ಷರ ಬೇರೆಯಿಲ್ಲ. ಶೇವಂತಾಳ ಗಂಟಲಿನವರೆಗೆ ಬಂತು ಅದು. ಮೂಕಿಯೆಂದು ತಿಳಿದವಳು ಹಿಂದೆಯೇ ನಿಂತಿದ್ದಳು. ಶೇವಂತಾ ಹಲ್ಲು ಕಚ್ಚಿ, ಕೈ ಮುಗಿದು, ಸುಮ್ಮನೆ ನಿಂತಳು. ಕಣ್ಣೀರು ಬಂತು. ಕಾವಲಿನವಳು ಅದನ್ನು ಭಕ್ತಿಯೆಂದು ತಿಳಿದು ಬೆನ್ನು ಸವರಿದಳು. ಆ ಸ್ಪರ್ಶಕ್ಕೆ ಶೇವಂತಾಳ ಮೈ ಮುದುಡಿತು.

ಹೊರಗೆ ಬಂದಾಗ ಸಂಗ್ರಾಮ ಹೆಬ್ಬೆರಳು ಎತ್ತಿ ತೋರಿಸಿದ. "ಭಾರಿ ಮಾಡಿದಿ ಅವ್ವಾ."

ಆ ಮಧ್ಯಾಹ್ನ ಶೇವಂತಾಗೆ ವೈಶಾಖ ಹುಣ್ಣಿಮೆಯ ಗುಟ್ಟು ತಿಳಿಯಿತು. ಸಿಂಹಳದವರು ಆ ಹಬ್ಬಕ್ಕೆ ಓಣಿ ಓಣಿಯಲ್ಲಿ ಚಪ್ಪರ ಹಾಕಿ ದಾರಿಹೋಕರಿಗೆ ಊಟ ಹಾಕುತ್ತಾರೆ. ದನ್ಸಲ್ ಅನ್ನುತ್ತಾರೆ ಅದಕ್ಕೆ, ದಾನದ ಶಾಲೆ. ಸೋಮಾವತಿಯ ಗಲ್ಲಿಯವರೂ ಹಾಕಿದ್ದರು. ಸೋಮಾವತಿಯ ಮೊಮ್ಮಗಳು ಸಪನಾಗೆ ಹೇಳಿದಳಂತೆ: ನಾಡಿಗೆ ಕಷ್ಟ ಬಂದಾಗ, ಅಡಿಗೆ ಗ್ಯಾಸಿಗೆ ದಿನಗಟ್ಟಲೆ ಸಾಲು ನಿಲ್ಲುತ್ತಿದ್ದಾಗ, ಎರಡು ವರ್ಷ ಈ ಗಲ್ಲಿಯಲ್ಲಿ ದನ್ಸಲ್ ನಿಂತುಹೋಗಿತ್ತು. ಈ ಸಲ ಮನೆಗೆ ಇಷ್ಟು ಅಕ್ಕಿ, ಇಷ್ಟು ಕಾಯಿ ಎಂದು ಕೂಡಿಸಿ ಮತ್ತೆ ಹಾಕಿದ್ದಾರೆ.

ಶೇವಂತಾ ಖುಷಿಯಿಂದಲೇ ಹೋದಳು. ಕರೆದು ಹಾಕುವ ಊಟ ಅದು. ಸೋಮಾವತಿ ದೊಡ್ಡ ಹಂಡೆಯ ಮುಂದೆ ನಿಂತು ಬಡಿಸುತ್ತಿದ್ದಳು. ಅನ್ನ, ತೊವ್ವೆ, ಆಲೂಗಡ್ಡೆ, ಕಾಯಿಯ ಚಟ್ನಿ. "ಕನ್ನ, ಅಮ್ಮಾ, ಕನ್ನ," ಎನ್ನುತ್ತಿದ್ದಳು.

"ಕನ್ನ ಅಂದ್ರ ತಿನ್ನು ಅಂತ, ಅತ್ತಿ," ಸಪನಾ ನಕ್ಕಳು.

ಉಂಡಾದ ಮೇಲೆ ಶೇವಂತಾ ಸೆರಗು ಸಿಕ್ಕಿಸಿ ಬಡಿಸಲು ನಿಂತುಬಿಟ್ಟಳು. ಅರ್ಧ ತಾಸು ಆ ಇಬ್ಬರು ಹೆಂಗಸರು ಮಾತಿಲ್ಲದೆ ಜೋಡಿಯಾಗಿ ಬಡಿಸಿದರು. ಎಷ್ಟೋ ದಿನದ ಮೇಲೆ ಕೈಗೆ ಸೌಟು ಸಿಕ್ಕ ಸುಖ. ಇಡೀ ಪ್ರಯಾಣದಲ್ಲಿ ಅವಳಿಗೆ ಒಳ್ಳೆಯದೆನಿಸಿದ್ದು ಆ ಅರ್ಧ ತಾಸು ಒಂದೇ.

ಸಂಗ್ರಾಮ ಬಂದು ಸನ್ನೆ ಮಾಡಿ ಕರೆದ. ಚಪ್ಪರದ ಇನ್ನೊಂದು ತುದಿಯಲ್ಲಿ, ದೂರದ ಊರಿನವರು ದಾರಿಯಲ್ಲಿ ಉಣ್ಣಲೆಂದು, ಅನ್ನದ ಪೊಟ್ಟಣಗಳನ್ನು ಕಟ್ಟಿ ಕೊಡುತ್ತಿದ್ದರು. ಮೇಲೆ ಕಾಗದ, ಕಾಗದಕ್ಕೆ ಕೆಂಪು ದಾರ.

"ಆ ಸಾಲಿಗೆ ನಿಂದರು. ಮುದುಕರಿಗೆ ಎರಡೆರಡು ಕೊಡಾಕತ್ತಾರ. ಮೂರು ದಿನದ ಊಟ ಆಗತೈತಿ."

"ಈಗರೆ ಉಂಡೇನಲ್ಲೋ."

"ಈಗಿನ ಮಾತಲ್ಲ, ನಾಳಿದು. ಕ್ಯಾಂಡಿ ನೋಡಬೇಕೋ ಬ್ಯಾಡೋ?"

ಮೊದಲ ಸಲ ನಿಂತಳು. ಎರಡು ಪೊಟ್ಟಣ ಬಂದವು. ಸಂಗ್ರಾಮ ಅವನ್ನು ಚೀಲಕ್ಕೆ ಹಾಕಿ, ಅವಳ ತಲೆಯ ಮೇಲಿನ ಸೆರಗನ್ನು ತೆಗೆಸಿ ಹೆಗಲಿಗೆ ಹಾಕಿಸಿದ. ಎರಡನೇ ಸಲ. ಆಮೇಲೆ ಸಪನಾಳ ಶಾಲು ಹೊದಿಸಿದ, ಮೂರನೇ ಸಲ. ಕನ್ನಡಕ ತೆಗೆಸಿದ, ನಾಲ್ಕನೇ ಸಲ. ಸಪನಾ ಎರಡು ಸಲ ನಿಂತು, ಹೊಟ್ಟೆ ನೋವೆಂದು ಹೇಳಿ ಕೋಣೆಗೆ ಹೋಗಿಬಿಟ್ಟಳು. ಸಂಗ್ರಾಮ ಒಂದು ಕಂಬದ ಮರೆಯಲ್ಲಿ ಮೊಬೈಲ್ ಹಿಡಿದು ನಿಂತಿದ್ದ.

ಐದನೇ ಸಲ ಸಾಲಿನಲ್ಲಿ ಹತ್ತಿರ ಬಂದಾಗ ಶೇವಂತಾಗೆ ಹಂಡೆಯ ತಳಕ್ಕೆ ಸೌಟು ಕೆರೆದ ಸಪ್ಪಳ ಕೇಳಿತು. ಇಪ್ಪತ್ತೆಂಟು ವರ್ಷ ಕೇಳಿದ ಸಪ್ಪಳ ಅದು. ಇನ್ನು ಎಷ್ಟು ಜನಕ್ಕೆ ಆಗುತ್ತದೆ, ಯಾವ ಮಗುವಿಗೆ ಆಗುವುದಿಲ್ಲ ಎಂದು ಆ ಸಪ್ಪಳದಿಂದಲೇ ಹೇಳಬಲ್ಲವಳು ಅವಳು. ಹಿಂದೆ ತಿರುಗಿ ನೋಡಿದಳು. ಒಬ್ಬ ಹೆಣ್ಣುಮಗಳು ಎರಡು ಮಕ್ಕಳನ್ನು ಕಟ್ಟಿಕೊಂಡು ನಿಂತಿದ್ದಳು. ಬರಿಗಾಲು, ಮೊಣಕಾಲಿನವರೆಗೆ ಧೂಳು. ಮಕ್ಕಳ ಕಣ್ಣು ಪೊಟ್ಟಣಗಳ ಮೇಲೇ ಇದ್ದವು.

ಶೇವಂತಾ ಪಕ್ಕಕ್ಕೆ ಸರಿಯಬಹುದಿತ್ತು. ಸರಿಯಬೇಕೆಂದುಕೊಳ್ಳುವಷ್ಟರಲ್ಲಿ ಎದುರಿನವನು ಅವಳ ಚಾಚಿದ ಕೈಯಲ್ಲಿ ಎರಡು ಪೊಟ್ಟಣ ಇಟ್ಟು, ಹಿಂದಿನವಳಿಗೆ ಖಾಲಿ ಕೈ ತೋರಿಸಿದ. ಆ ಹೆಣ್ಣುಮಗಳು ಜಗಳ ಮಾಡಲಿಲ್ಲ. ನಕ್ಕು, ಮಕ್ಕಳ ಕೈ ಹಿಡಿದು ಹೊರಟಳು. ಶೇವಂತಾ ಎರಡು ಹೆಜ್ಜೆ ಅವಳ ಹಿಂದೆ ಹೋದಳು. ಅಷ್ಟರಲ್ಲಿ ಸಂಗ್ರಾಮ ಬಂದು ಪೊಟ್ಟಣಗಳನ್ನು ಇಸಕೊಂಡ. ಬಿಳಿ ಬಟ್ಟೆಯ ಜಾತ್ರೆಯಂಥ ಆ ಜನದಲ್ಲಿ ಮಕ್ಕಳಿಬ್ಬರೂ ಮರೆಯಾದರು.

ಹನ್ನೆರಡು ಪೊಟ್ಟಣ. ಮೂರು ಜನ. ಹೇಸಿಗೆಯ ಮಾತೆಂದರೆ, ಅವು ಬೇಕಾಗಲೇ ಇಲ್ಲ. ಮರುದಿನವೂ ಊರ ತುಂಬ ದನ್ಸಲ್ ಇದ್ದವು. ಸಂಗ್ರಾಮ ಅಲ್ಲೂ ಹೋಗಿ ಬಿಸಿ ಬಿಸಿ ಉಂಡು ಬಂದ. ಪೊಟ್ಟಣಗಳು ಮಂಚದ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕೂತವು. ಫ್ಯಾನ್ ಬಿಟ್ಟರೆ ಬೇರೆ ಗಾಳಿಯಿಲ್ಲದ ಕೋಣೆ, ಕಾಯಿ ಹಾಕಿದ ಅಡಿಗೆ. ಎರಡನೇ ದಿನ ಸಂಜೆಗೇ ಹುಳಿ ವಾಸನೆ ಎದ್ದಿತು. ಶೇವಂತಾಳ ಗಾದಿ ನೆಲದ ಮೇಲೆ, ಚೀಲ ಅವಳ ಮೂಗಿನ ಹತ್ತಿರ.

"ಒಗದು ಬರ್ತೀನಿ," ಅಂದಳು.

"ಇರ್ಲಿ. ನಾಳೆ ಕ್ಯಾಂಡಿ ಬಸ್ಸಿನಾಗ ಆಗತಾವ. ಎರಡು ಮೂರು ಛಲೋ ಇರ್ತಾವ ಒಳಗ."

ಮೂರನೇ ದಿನ ಬೆಳಿಗ್ಗೆ ಸಂಗ್ರಾಮ ಬಸ್ ಕೇಳಲು ಹೋಗಿದ್ದಾಗ ಸೋಮಾವತಿ ಹಾಸಿಗೆಯ ಬಟ್ಟೆ ಬದಲಿಸಲು ಬಂದಳು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. ಗೋಡೆಯುದ್ದಕ್ಕೂ ಇರುವೆಯ ಸಾಲು ಮಂಚದ ಕೆಳಗೆ ಹೋಗಿತ್ತು. ಬಗ್ಗಿ ಚೀಲ ಎಳೆದಳು. ಅದರ ಬುಡದಿಂದ ಹಳದಿ ನೀರು ನೆಲಕ್ಕೆ ಗೆರೆ ಎಳೆಯಿತು. ಒಳಗೆ ಕೆಂಪು ದಾರದ ಪೊಟ್ಟಣಗಳು. ಆ ದಾರ ಕಟ್ಟಿದವಳು ಅವಳೇ. ಒಂದನ್ನು ಬಿಚ್ಚಿದಳು. ಅನ್ನ ನೂಲು ನೂಲಾಗಿ ಎದ್ದು ಬಂತು.

ಸಪನಾ ಗೋಡೆಯ ಕಡೆ ತಿರುಗಿ ನಿಂತಳು. ಸೋಮಾವತಿ ಶೇವಂತಾಳ ಮುಖವನ್ನೇ ನೋಡಿದಳು. ಚೀಲವನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು. ಶೇವಂತಾ ಹಿಂದೆಯೇ ಹೋದಳು. ಗಲ್ಲಿಯ ನಾಯಿ ಬಂದು ಮೂಸಿ ಹಿಂದೆ ಸರಿಯಿತು. ಸೋಮಾವತಿ ಗುದ್ದಲಿ ತಂದಾಗ ಶೇವಂತಾ ಅದನ್ನು ಇಸಕೊಂಡು ತಾನೇ ಗುಂಡಿ ತೋಡಿದಳು. ಒಂದೊಂದೇ ಪೊಟ್ಟಣವನ್ನು ಕೈಯಾರೆ ಅದರಲ್ಲಿ ಹಾಕಿದಳು. ಬೆರಳಿಗೆಲ್ಲ ಲೋಳೆ ಹತ್ತಿತು. ಮಣ್ಣು ಮುಚ್ಚಿದ ಮೇಲೆ ಏನಾದರೂ ಹೇಳಬೇಕೆನಿಸಿತು. ಅವಳ ಹತ್ತಿರ ಆ ಭಾಷೆಯ ಒಂದೇ ಶಬ್ದವಿತ್ತು, ತಿನ್ನು ಎಂಬುದು. ಎರಡೂ ಕೈ ಜೋಡಿಸಿದಳು. ಸೋಮಾವತಿಯೂ, ರೂಢಿಯಂತೆ, ತಿರುಗಿ ಕೈ ಮುಗಿದಳು. ಮತ್ತೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಸಂಗ್ರಾಮ ಬಂದು ಕೇಳಿ ಹೆಗಲು ಹಾರಿಸಿದ. "ಹೋಗ್ಲಿ ಬಿಡು. ಫುಕಟ್ ಅನ್ನ. ನಮ್ಮದೇನು ಹೋತು?"

ಕ್ಯಾಂಡಿಗೆ ಹೋಗಲಿಲ್ಲ. ಬಸ್ಸಿನ ದರ ಅವನು ಎಣಿಸಿದ್ದಕ್ಕಿಂತ ಹೆಚ್ಚಿತ್ತು.

ಊರಿಗೆ ಬಂದ ದಿನ ರಾಜಾರಾಮ ಹೆಂಡತಿಯ ಮುಂದೆ ಮಗುವಿನಂತೆ ಕೂತ. "ಗಿಡ ಹೆಂಗೈತಿ? ಹತ್ತರ ಬಿಟ್ಟರೇನು? ಶರಣ ಹೇಳಿದೇನು?"

"ಹೇಳಿನ್ರಿ," ಅಂದಳು ಶೇವಂತಾ. "ಎಲ್ಲಾ ಛಲೋ ಆತು."

ನಲವತ್ತೊಂದು ವರ್ಷದ ಸಂಸಾರದಲ್ಲಿ ಗಂಡನಿಗೆ ಸುಳ್ಳು ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಅಡಿಗೆ ಮನೆಗೆ ಹೋಗಿ ಅಕ್ಕಿ ತೊಳೆಯಲು ಕೂತಳು. ನೆನೆದ ಅಕ್ಕಿ ಕೈಗೆ ಹತ್ತಿದ ಕೂಡಲೇ ಪಾತ್ರೆ ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ಬೆರಳು ಉಜ್ಜಿ ಉಜ್ಜಿ ತೊಳೆದಳು. ಅಂದಿನಿಂದ ಅನ್ನದ ಕೆಲಸ ಸಪನಾಗೆ ಹೋಯಿತು.

ಹತ್ತು ದಿನವಾದ ಮೇಲೆ ಒಂದು ಮಧ್ಯಾಹ್ನ ರಾಜಾರಾಮ ಹೊರಗಿನಿಂದ ಬಂದು ಊಟಕ್ಕೆ ಕೂತ. ಭಕ್ರಿ ಮುರಿದು, ಬಾಯಿಗಿಡದೆ, ಕೇಳಿದ.

"ನಮ್ಮ ಓಣಿ ದುಂಡೇಶ ಅವನ ಮೊಬೈಲದಾಗ ತೋರಿಸಿದಾ. 'ಹತ್ತೊಂಬತ್ತು ಸಾವಿರದಾಗ ಸಿಂಹಳ' ಅಂತ ಸಂಗ್ರಾಮ ವಿಡಿಯೊ ಬಿಟ್ಟಾನ. ಅದರಾಗ ನೀ ಸಾಲಿನಾಗ ನಿಂತು ಕೈ ಚಾಚಿದಿ. ಒಮ್ಮೆ ಸೆರಗು ಹೊತಗೊಂಡು. ಒಮ್ಮೆ ಶಾಲು ಹೊತಗೊಂಡು. ಎಷ್ಟು ಸಲ ನಿಂತಿ?"

ಶೇವಂತಾ ಚಟ್ನಿಯ ಬಟ್ಟಲು ಕೆಳಗಿಟ್ಟಳು. "ಐದು."

"ಹಸಿದಿದ್ದೇನು?"

"ಇಲ್ಲ."

ರಾಜಾರಾಮ ಮುರಿದ ಭಕ್ರಿಯನ್ನು ತಾಟಿನಲ್ಲಿಟ್ಟು ಕೈ ತೊಳೆದ.

ಅವನ ತಾಯಿ ಹಬ್ಬದ ಮರುದಿನ ಬುಟ್ಟಿ ಹೊತ್ತು ಗೌಡರ ಮನೆ ಮನೆಗೆ ಹೋಗಿ ಹಳಸಿದ ಅಡಿಗೆ ತರುತ್ತಿದ್ದಳು. ಐದು ವರ್ಷದ ರಾಜಾರಾಮ ಅವಳ ಸೆರಗು ಹಿಡಿದು ಹೋಗುತ್ತಿದ್ದ. ಮೇಲಿನಿಂದ ಬುಟ್ಟಿಗೆ ಬೀಳುವ ಅನ್ನ ಅವನ ತಲೆಗೂ ಬೀಳುತ್ತಿತ್ತು. ಬೌದ್ಧ ಧಮ್ಮ ತೆಗೆದುಕೊಂಡ ವರ್ಷ ಆ ತಾಯಿ ಬುಟ್ಟಿಯನ್ನು ಗೌಡರ ಅಂಗಳದಲ್ಲೇ ಬಿಟ್ಟು ಖಾಲಿ ಕೈಯಲ್ಲಿ ಮನೆಗೆ ಬಂದಳು. ಆ ವಾರವಿಡೀ ಮನೆಯಲ್ಲಿ ಬರಿ ಅಂಬಲಿ. ಅಂದಿನಿಂದ ರಾಜಾರಾಮ ಕರೆಯದ ಮನೆಯಲ್ಲಿ ನೀರು ಸಹ ಮುಟ್ಟಿದವನಲ್ಲ. ಇದನ್ನು ಸಂಗ್ರಾಮ ಚಿಕ್ಕಂದಿನಿಂದ ಕೇಳಿ ಬೆಳೆದಿದ್ದ.

ಅಂದಿನಿಂದ ರಾಜಾರಾಮ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳು ಬಡಿಸಿದ್ದನ್ನು ಉಣ್ಣುವನು, ಎದ್ದು ಹೋಗುವನು. ಮಗನನ್ನು ಬೈದಿದ್ದರೆ ಶೇವಂತಾಗೆ ಹಗುರಾಗುತ್ತಿತ್ತು. ಅವನು ಮಗನ ಕಡೆ ನೋಡಲೂ ಇಲ್ಲ.

ಒಂದು ಸಂಜೆ ಸಂಗ್ರಾಮನನ್ನು ಅವಳು ಬಾಗಿಲಲ್ಲೇ ತಡೆದಳು.

"ಆ ವಿಡಿಯೊ ತಗದು ಹಾಕು."

"ಯಾಕ? ನಲವತ್ತು ಸಾವಿರ ಮಂದಿ ನೋಡ್ಯಾರ. ಎಷ್ಟು ಮಂದಿ ಫೋನ್ ಮಾಡಾಕತ್ತಾರ ಗೊತ್ತೈತೇನು?"

"ನಿಮ್ಮಪ್ಪ ನನ್ನ ಕೂಡ ಮಾತಾಡವಲ್ಲ."

"ಅಪ್ಪಂದು ಹಳೇ ಕಾಲ. ಅದು ಬೇಡಿದ್ದಲ್ಲವ್ವಾ. ಅವರ ಹಬ್ಬದಾಗ ಅವರ ಕೊಟ್ಟಾರ, ನಾವು ತಗೊಂಡೇವಿ. ಇದರಾಗ ಜಾತಿ ಎಲ್ಲಿ ಬಂತು?"

"ಜಾತಿ ನಾ ಅಂದಿಲ್ಲ. ಆ ಮಕ್ಕಳು ಉಪಾಸ ಹೋದ್ವು, ನಾವು ಮಣ್ಣಾಗ ಹಾಕಿದಿವಿ. ಅದನ್ನ ವಿಡಿಯೊದಾಗ ತೋರಿಸಿಯೇನು?"

ಒಲೆಯ ಮುಂದೆ ಕೂತಿದ್ದ ಸಪನಾ ಎದ್ದು ಬಂದಳು. "ನನಗೂ ಹೊಟ್ಟಿ ನೋವಿರಲಿಲ್ಲ ಅವತ್ತು," ಎಂದಳು ಗಂಡನಿಗೆ. "ಹೇಸಿಕಿ ಬಂದಿತ್ತು."

"ನೀವಿಬ್ಬರೂ ವಿಮಾನದಾಗ ಕುಂತು ಬಂದೀರಿ, ಸಮುದ್ರ ನೋಡೀರಿ. ಉಳಿಸಿದವಗ ಒಂದು ಛಲೋ ಮಾತಿಲ್ಲ," ಎಂದ ಸಂಗ್ರಾಮ. ತಲೆಗೆ ಹತ್ತೊಂಬತ್ತರಂತೆ ಮೂವರಿಗೆ ಹೋಗಿ ಲಕ್ಷದಲ್ಲಿ ಉಳಿದ ನಲವತ್ಮೂರು ಸಾವಿರ ಎಲ್ಲಿ ಎಂದು ಶೇವಂತಾ ಕೇಳಲಿಲ್ಲ. ಅವನ ಕೈಯಲ್ಲಿ ಹೊಸ ಮೊಬೈಲ್ ಇತ್ತು.

ಜೂನ್ ಮೊದಲ ರವಿವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಯಾರೂ ಏಳಲಿಲ್ಲ. ಸಂಗ್ರಾಮ ಎದ್ದು ನಿಂತು, ಮುಂದಿನ ವೈಶಾಖಕ್ಕೆ ಇಪ್ಪತ್ತು ಜನರನ್ನು ತಾನೇ ಸಿಂಹಳಕ್ಕೆ ಕರೆದೊಯ್ಯುವುದಾಗಿ ಹೇಳಿದ. ತಲೆಗೆ ಇಪ್ಪತ್ತೆರಡು ಸಾವಿರ. ಯಾರೂ ಇಷ್ಟಕ್ಕೆ ಒಯ್ಯುವುದಿಲ್ಲ. ಜನ ತಲೆದೂಗಿದರು. ಹೊಲದ ಕೂಲಿಯವರು, ನೌಕರಿಯವರು, ಪಿಂಚಣಿಯವರು, ಎಲ್ಲರಿಗೂ ಒಮ್ಮೆ ಹೋಗಬೇಕೆಂಬ ಆಸೆ. ಮೂಲೆಯಲ್ಲಿ ಕೂತಿದ್ದ ರಾಜಾರಾಮ ನೆಲ ನೋಡುತ್ತಿದ್ದ.

ಹೆಂಗಸರ ನಡುವಿನಿಂದ ಶೇವಂತಾ ಎದ್ದಳು. ವಿಹಾರದಲ್ಲಿ ಅವಳು ಮಾತಾಡಿದ್ದು ಅದೇ ಮೊದಲು.

"ವಿಡಿಯೊದಾಗ ಸಾಲಿನಾಗ ನಿಂತಾಕಿ ನಾನ," ಎಂದಳು. "ಹೊಟ್ಟಿ ತುಂಬಿತ್ತು, ಆದ್ರೂ ಐದು ಸಲ ನಿಂತಿನಿ. ಗುರುತು ಸಿಗಬಾರದಂತ ಸೆರಗು ಬದಲಿ ಮಾಡಿನಿ. ನನ್ನ ಹಿಂದ ಎರಡು ಮಕ್ಕಳು ಬರಿಗೈಲೆ ಹೋದ್ವು. ನಾ ತಂದ ಅನ್ನ ಮಂಚದ ಬುಡಕ ಕೊಳತು, ಅದನ್ನ ಬಡಿಸಿದಾಕಿ ಕಣ್ಣಮುಂದ ನಾ ಮಣ್ಣಾಗ ಹುಗದೀನಿ. ಬೋಧಿ ಗಿಡದ ಮುಂದ ಶರಣ ಹೇಳೀನಿ ಅಂತ ಮನ್ಯಾಗ ಹೇಳಿದ್ನಿ. ಸುಳ್ಳದು. ಟಿಕೆಟ್ ಉಳಸಾಕ ಮೂಕಿ ಆಗಿ ನಿಂತಿದ್ನಿ. ಹಂಗ ಹೋಗಾಕ ಮನಸಿದ್ದವರು ಹೋಗ್ರಿ. ನಾ ಹೋದದ್ದು ಯಾತ್ರೆ ಅಲ್ಲ, ಕಳುವು."

ಸಂಗ್ರಾಮನ ಮುಖ ಕಪ್ಪಿಟ್ಟಿತು. ರಾಜಾರಾಮ ತಲೆಯೆತ್ತಿ ಹೆಂಡತಿಯನ್ನು ನೋಡಿದ, ಬಹಳ ದಿನದ ಮೇಲೆ.

ಮುಂದಿನ ಸಾಲಿನಲ್ಲಿದ್ದ ದುಂಡೇಶ ಗಂಟಲು ಸರಿಮಾಡಿಕೊಂಡ. ವಯಸ್ಸಾದವನು, ನಾಲ್ಕು ಜನ ಮಾತು ಕೇಳುವಂಥವನು.

"ಶೇವಂತಕ್ಕಾ ಹೇಳಿದ್ದು ಖರೆ. ಅನ್ನ ಕೆಡಸಬಾರದು," ಎಂದ. ಆಮೇಲೆ ಸಂಗ್ರಾಮನ ಕಡೆ ತಿರುಗಿದ. "ಮತ್ತ ಸಂಗ್ರಾಮಾ, ಒಂದು ಪೊಟ್ಟಣ ಇಬ್ಬರಿಗೆ ಸಾಲತೈತೇನು?"

ಯಾರೂ ನಗಲಿಲ್ಲ. ಎಲ್ಲರೂ ಉತ್ತರಕ್ಕೆ ಕಾದರು. ಸಂಗ್ರಾಮನ ಮುಖಕ್ಕೆ ಬಣ್ಣ ಮರಳಿತು.

"ಆರಾಮ್ ಸಾಲತೈತಿ ಕಾಕಾ. ಹುಳಿ ಆಗಬಾರದಂದ್ರ ಫ್ರಿಜ್ ಇದ್ದ ರೂಮ್ ಹಿಡಿಬೇಕು. ಈ ಸಲ ಅದನ್ನ ಮೊದಲ ನೋಡ್ಕೊಂಡೀನಿ."

ಶೇವಂತಾ ಜನರನ್ನು ದಾಟಿ, ಮೆಟ್ಟಿಲಿಳಿದು, ಬರಿಗಾಲಲ್ಲೇ ರಸ್ತೆಗೆ ಬಂದಳು. ಗಟಾರದ ಅಂಚಿಗೆ ಕೂತು ಉಗುಳಿದಳು, ಮತ್ತೆ ಉಗುಳಿದಳು. ಮಳೆ ಇನ್ನೂ ಬಂದಿರಲಿಲ್ಲ, ಡಾಂಬರು ಬೆಂಕಿಯಂತೆ ಕಾದಿತ್ತು. ಒಳಗಿನಿಂದ ಮಾತು ಕೇಳುತ್ತಿತ್ತು. "ನಮ್ಮ ಮನಿದು ಎರಡು ಬರಕೋ." "ನಮ್ಮದು ಮೂರು. ಮುದುಕಿನ್ನೂ ಕರ್ಕೊಂಡು ಬರ್ತೀವಿ."

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ರಾಜಾರಾಮ ಅವಳ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬಂದಿದ್ದ. ಬಗ್ಗಿ, ಅವಳ ಕಾಲಿನ ಮುಂದೆ ಜೋಡಿಸಿಟ್ಟ.

"ಮೆಟಗೋ," ಎಂದ. "ನೆಲಾ ಸುಡಾಕತ್ತೈತಿ."